ಕಚ್ಚಾ ಹೊಲಿಗೆ

ಎದೆ ಮೂವತ್ತೆಂಟು. ಸೊಂಟ ಮೂವತ್ತು ಮುಕ್ಕಾಲು.
ತೋಳು ಇಪ್ಪತ್ತನಾಲ್ಕೂವರೆ.
ಅಬ್ಬಾ ಟೇಪು ಹಿಡಿದು ಕೂಗುತ್ತಿದ್ದರು,
ಬರೆದುಕೊಂಡವನು ನಾನು, ಹದಿನೇಳರ ಹುಡುಗ.
ಕೊನೆಗೆ ದನಿ ತಗ್ಗಿಸಿ, ಗಿರಾಕಿಗೆ ಕೇಳಿಸದ ಹಾಗೆ:
ಎಡ ಭುಜ ಅರ್ಧ ಇಂಚು ಕೆಳಗೆ.
ಕೇಳಿಸಿತು. ರಘೋತ್ತಮ ಸಾಹೇಬರು ನಕ್ಕರು.
"ಏರ್‌ಫೋರ್ಸಿನವರು ಅಳೆಯಲಿಲ್ಲ ನೋಡಿ ಮಾಸ್ತರೇ,
ಅಳೆದಿದ್ದರೆ ವಿಮಾನ ಹತ್ತಲು ಬಿಡುತ್ತಿರಲಿಲ್ಲ."

ಬೂದು ಬಣ್ಣದ ಉಣ್ಣೆ, ಬಿನ್ನಿ ಮಿಲ್ಲಿನದು.
ತಂಗಿಯ ಮದುವೆಗೆ ಸೂಟು.
ಟ್ರಯಲ್ಲು ಡಿಸೆಂಬರ್ ಹನ್ನೆರಡಕ್ಕೆ. ಮುಂಗಡ ಇಪ್ಪತ್ತು ರೂಪಾಯಿ.

ಮೂರನೇ ತಾರೀಖು ರೇಡಿಯೋ ಯುದ್ಧ ಅಂದಿತು.
ಹನ್ನೆರಡು ಭಾನುವಾರ. ಶಿವಾಜಿನಗರದ ನಮ್ಮ ಓಣಿಯೆಲ್ಲ ಬಾಗಿಲು ಹಾಕಿದ್ದರೂ
ಅಬ್ಬಾ ಅಂಗಡಿ ತೆರೆದು ಕೂತರು,
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ.

ಬಂದದ್ದು ಅವರ ಹೆಂಡತಿ ಇಂದುಮತಿಯವರು, ಜನವರಿಯಲ್ಲಿ,
ಏಳು ತಿಂಗಳ ಬಸುರಿ, ಕೈಯಲ್ಲಿ ನಮ್ಮ ರಸೀದಿ.
"ಕಾಣೆಯಾಗಿದ್ದಾರಂತೆ" ಅಂದರು,
ಕೊಡೆಯೋ ಬೀಗದ ಕೈಯೋ ಕಾಣೆಯಾದ ಹಾಗೆ,
ಮನೆಯಲ್ಲೇ ಎಲ್ಲೋ ಇದೆ, ಸರಿಯಾಗಿ ಹುಡುಕಿಲ್ಲ ಅನ್ನುವ ಹಾಗೆ.
"ಕೋಟು ಮುಗಿಸಬೇಡಿ. ಅವರು ಹಾಕಿ ನೋಡದೆ
ಹೇಗೆ ಮುಗಿಸುತ್ತೀರಿ?"

ಸರಿಯೇ. ಕಚ್ಚಾ ಹೊಲಿಗೆ ಬಿಚ್ಚಲು ಒಂದು ಮೈ ಬೇಕು.
ಬಿಳಿ ನೂಲು, ಉದ್ದುದ್ದ ಹೊಲಿಗೆ,
ಒಂದೇ ಎಳೆತಕ್ಕೆ ಬಿಚ್ಚಿ ಬರುವಂಥದು,
ಎರಡು ವಾರಕ್ಕೆಂದು ಹಾಕಿದ್ದು.

ಆಮೇಲಿನ ವರ್ಷಗಳನ್ನು ನಾನು ನುಸಿಗುಳಿಗೆಯಲ್ಲಿ ಎಣಿಸಿದ್ದೇನೆ.
ವರ್ಷಕ್ಕೊಮ್ಮೆ ಬರುತ್ತಿದ್ದರು, ಮಗಳ ಕೈ ಹಿಡಿದು.
ಕೋಟು ಕೊಡವಿ, ಕಟ್ಟೆಯ ಮೇಲೆ ಬಿಸಿಲಿಗೆ ಹರವಿ,
ಹೊತ್ತು ಇಳಿದ ಮೇಲೆ ನಮಗೇ ಮರಳಿ ಕೊಡುವುದು.
ಚಹಾ ಬೇಡ ಅನ್ನುತ್ತಿದ್ದರು, ಅತ್ತೆಗೆ ಗೊತ್ತಾದರೆ ಕಷ್ಟ.
ಅತ್ತೆ ಹೋದ ವರ್ಷ ಎರಡು ಲೋಟ ಕುಡಿದರು.

ಒಂದು ಸಲ ಹೇಳಿದರು: ಬಿಡುಗಡೆಯಾಗಿ ಬಂದ ಯಾರೋ ಕೈದಿ
ಅಲ್ಲಿ ಗೋಡೆಯಾಚೆ ಕನ್ನಡ ಕೇಳಿದನಂತೆ.
ಯಾರೋ ಮಗ್ಗಿ ಹೇಳುತ್ತಿದ್ದರಂತೆ, ಹತ್ತೊಂಬತ್ತರದು, ರಾತ್ರಿಯೆಲ್ಲ.
"ಇವರಿಗೆ ಹತ್ತೊಂಬತ್ತರ ಮಗ್ಗಿ ಬರುತ್ತಿರಲಿಲ್ಲ" ಅಂದರು.
ಲೋಟ ಕೆಳಗಿಟ್ಟು,
"ಕಲಿತಿರಬಹುದು."

ಅಬ್ಬಾ ತೀರಿಕೊಂಡರು. ಪಕ್ಕದಂಗಡಿ ಮೊಬೈಲ್ ಕವರಿನದಾಯಿತು.
ಈಗಲೂ ಓಣಿಯ ಮೇಲೆ ಜೆಟ್ಟು ಹಾದರೆ
ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತದೆ,
ಸದ್ದು ಪೂರಾ ಸವೆಯುವವರೆಗೆ.
ಕೆಲಸದ ಹುಡುಗರು ನಗುತ್ತಾರೆ.

ಹೋದ ತಿಂಗಳು ವಿನುತಾ ಬಂದಿದ್ದಳು, ಒಬ್ಬಳೇ, ತಲೆ ಅರ್ಧ ನರೆತಿದೆ.
ಸರ್ಕಾರದ ಫಾರಂ ತಂದಿದ್ದಳು: ಗುರುತಿನ ಚಿಹ್ನೆಗಳು, ಎರಡು ಬರೆಯಿರಿ.
"ಅಮ್ಮನಿಗೆ ಈಗ ನೆನಪು ನಿಲ್ಲುವುದಿಲ್ಲ ಮಾಸ್ತರೇ,
ಕೇಳಿದರೆ ಫೋಟೋ ತೋರಿಸುತ್ತಾಳೆ.
ಫೋಟೋದಲ್ಲಿ ಟೋಪಿ, ಕನ್ನಡಕ, ಅಷ್ಟೇ.
ನಿಮ್ಮ ಹತ್ತಿರ ಏನಾದರೂ..."

ಎಪ್ಪತ್ತೊಂದರ ಪುಸ್ತಕ ತೆಗೆದೆ. ಒಂದು ಮೂಲೆ ಗೆದ್ದಲಿಗೆ ಹೋಗಿದೆ.
ನನ್ನದೇ ಎಳೆ ಬರಹ. ಅಬ್ಬಾ ಕೂಗುತ್ತಿದ್ದ ಹಾಗೆ ಓದಿದೆ,
ಎದೆ, ಸೊಂಟ, ತೋಳು. ಅವಳು ಬರೆದುಕೊಂಡಳು.
ಕೊನೆಯ ಸಾಲಿಗೆ ದನಿ ತಾನಾಗಿ ತಗ್ಗಿತು.

ಕೇಳಿಸಿತು. ಪೆನ್ನು ನಿಲ್ಲಿಸಿ
ಟ್ರಯಲ್ಲಿನ ಕನ್ನಡಿಯತ್ತ ತಿರುಗಿದಳು.
ಬ್ಯಾಗಿನ ಪಟ್ಟಿ ಎಡಗಡೆ ಜಾರಿತ್ತು,
ಬಂದಾಗಿನಿಂದ ನಾಲ್ಕನೆಯ ಸಲ.
ಈ ಸಲ ಎಳೆದುಕೊಳ್ಳಲಿಲ್ಲ.

ಕೋಟು ತಂದು ಹಿಡಿದೆ. ಕೈ ತೂರಿಸಿದಳು.
ತೋಳು ಉದ್ದ, ಎದೆ ಸಡಿಲ,
ಕುತ್ತಿಗೆಯ ಹತ್ತಿರ ಎರಡು ಬೆರಳು ಜಾಗ.
ಅಬ್ಬಾ ಎಡಗಡೆ ಒಳಗಿಟ್ಟಿದ್ದ ಅರ್ಧ ಇಂಚಿನ ಮೆತ್ತೆ ಮಾತ್ರ
ಹೋಗಿ ತನ್ನ ಜಾಗದಲ್ಲಿ ಕೂತಿತು.

ಮುಗಿಸಲೇ, ಅಂತ ಕೇಳಬೇಕೆಂದಿದ್ದೆ.
ಬಾಯಿ ತುಂಬ ಗುಂಡುಸೂಜಿ.